ದೀಪವಿಲ್ಲದ ಊರು

ಬೇಸಗೆಯ ರಜೆಗೆಂದು ನನ್ನ ತಂಗಿಯ ಮೊಮ್ಮಗ ಅರಕಲಗೂಡಿನಿಂದ ಹಾಸನದ ನಮ್ಮ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಕಂಪ್ಯೂಟರು. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಅವನ ಕೋಣೆಯಲ್ಲಿ ಬೆಳಕು ಕಂಡು ಇಣಿಕಿದೆ. ತೆರೆಯ ಮೇಲೆ ಒಂದು ಹಾಳೂರು. ನಿರ್ಜನವಾದ ಬೀದಿ, ಮುರಿದ ಕದಗಳು, ಕತ್ತಲೆ. ಆ ಕತ್ತಲೆಯಲ್ಲಿ ಹುಡುಗಿಯೊಬ್ಬಳು ಟಾರ್ಚು ಹಿಡಿದು ಒಬ್ಬಳೇ ನಡೆಯುತ್ತಿದ್ದಳು.

“ಇದೇನಪ್ಪ ಇದು?” ಎಂದೆ.

“ಹೆದರಿಸೋ ಆಟ ತಾತ. ಈ ಊರಿಗೆ ಶಾಪ ತಟ್ಟಿದೆ. ಒಳಗೆ ಬಂದವರು ಹೊರಗೆ ಹೋಗೋ ಹಾಗಿಲ್ಲ” ಎಂದ.

ನನಗೆ ಆಟದಲ್ಲಿ ಆಸಕ್ತಿಯಿಲ್ಲ; ಆದರೆ ಹಾಳೂರಿನಲ್ಲಿ ಇದೆ. ಕುರ್ಚಿ ಎಳೆದುಕೊಂಡು ಕುಳಿತೆ. ನಾನು ಎದ್ದಾಗ ಕೋಳಿ ಕೂಗುವ ಹೊತ್ತಾಗಿತ್ತು. ಆ ಊರಿನಲ್ಲಿ ಮಾತ್ರ ಇನ್ನೂ ಬೆಳಗಾಗಿರಲಿಲ್ಲ. ಅಲ್ಲಿ ಬೆಳಗಾಗುವುದೇ ಇಲ್ಲವಂತೆ.

ಆ ಆಟ 2003ರಲ್ಲಿ ಜಪಾನಿನ ಟೆಕ್ಮೊ ಕಂಪನಿ ಹೊರತಂದದ್ದು. ‘ಫೇಟಲ್ ಫ್ರೇಮ್’ ಎಂಬ ಮಾಲೆಯಲ್ಲಿ ಎರಡನೆಯದು. ಮಿಯೊ, ಮಾಯು ಎಂಬ ಅವಳಿ ಸೋದರಿಯರು ತಾವು ಚಿಕ್ಕಂದಿನಲ್ಲಿ ಆಡಿದ ಕಾಡಿನ ಜಾಗಕ್ಕೆ ಬಂದಿದ್ದಾರೆ. ಅಲ್ಲೊಂದು ಅಣೆಕಟ್ಟು ಬರಲಿದೆ. ಜಾಗ ಮುಳುಗುವ ಮುನ್ನ ಒಮ್ಮೆ ನೋಡಿಹೋಗೋಣವೆಂದು ಬಂದವರು. ಕೆಂಪು ಚಿಟ್ಟೆಯೊಂದರ ಬೆನ್ನು ಹಿಡಿದು ಮಾಯು ಹೋಗುತ್ತಾಳೆ, ಅವಳ ಬೆನ್ನು ಹಿಡಿದು ಮಿಯೊ. ಇಬ್ಬರೂ ಎಂದೋ ನಕ್ಷೆಯಿಂದ ಅಳಿಸಿಹೋದ ಮಿನಕಾಮಿ ಎಂಬ ಹಳ್ಳಿಯನ್ನು ಹೊಕ್ಕು ಸಿಕ್ಕಿಕೊಳ್ಳುತ್ತಾರೆ.

ಶಾಪದ ಕಥೆ ಹೀಗೆ. ಆ ಊರಿನ ಅಡಿಯಲ್ಲೊಂದು ಪಾತಾಳದ ಬಾಯಿ. ಅದು ತೆರೆದರೆ ಊರಿಗೆ ಉಳಿಗಾಲವಿಲ್ಲ. ಅದನ್ನು ಮುಚ್ಚಿಡಲು ಆಗಾಗ್ಗೆ ಊರಿನ ಅವಳಿ ಮಕ್ಕಳಲ್ಲಿ ಒಬ್ಬರು ಇನ್ನೊಬ್ಬರ ಕೊರಳನ್ನು ತಮ್ಮ ಕೈಯಿಂದಲೇ ಹಿಸುಕಬೇಕು. ಸತ್ತ ಮಗು ಕೆಂಪು ಚಿಟ್ಟೆಯಾಗಿ ಊರನ್ನು ಕಾಯುತ್ತದೆ ಎಂದು ಹಿರಿಯರ ನಂಬಿಕೆ. ಒಮ್ಮೆ ಅವಳಿಗಳಿಬ್ಬರು ಒಪ್ಪದೆ ಓಡಿದರು. ಒಬ್ಬಳು ಪಾರಾದಳು, ಒಬ್ಬಳು ಸಿಕ್ಕಿಬಿದ್ದಳು. ವಿಧಿ ಕೆಟ್ಟಿತು, ಒಂದೇ ರಾತ್ರಿಯಲ್ಲಿ ಊರು ಕತ್ತಲೆಯ ಪಾಲಾಯಿತು. ಅಂದಿನಿಂದ ಒಳಗೆ ಬಂದ ಯಾರನ್ನಾದರೂ ಹಿಡಿದು ಅದೇ ವಿಧಿಯನ್ನು ಮತ್ತೆ ಮಾಡಿಸಲು ಊರು ಹವಣಿಸುತ್ತದೆ. ಆಟದ ಮುಖ್ಯ ಮುಕ್ತಾಯದಲ್ಲಿ ಮಿಯೊ ತನ್ನ ಕೈಯಾರೆ ಅದನ್ನು ಮಾಡಿಯೇ ತೀರುತ್ತಾಳೆ.

ಹುಡುಗನಿಗೆ ಇದರಲ್ಲಿ ಭಯ ಕಂಡಿತು. ನನಗೆ ಕಂಡದ್ದು ಒಂದು ಲೆಕ್ಕ. ಊರಿನ ಒಳ್ಳೆಯದಕ್ಕೆ ಯಾರನ್ನು ಕೊಡಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ಲೆಕ್ಕ. ಅದು ಜಪಾನಿಗೆ ಮಾತ್ರ ಸೇರಿದ್ದಲ್ಲ.

ನಮ್ಮ ಕಂದಾಯ ಇಲಾಖೆಯ ದಫ್ತರದಲ್ಲಿ ‘ಬೇಚಿರಾಕ್’ ಎಂಬ ಒಂದು ಮಾತು ಉಂಟು. ಪಾರಸಿಯಿಂದ ಬಂದದ್ದು, ದೀಪವಿಲ್ಲದ್ದು ಎಂದು ಅರ್ಥ. ಹೆಸರಿದೆ, ಸರ್ವೆ ನಂಬರಿದೆ, ಎಲ್ಲೆಕಲ್ಲಿದೆ. ಸಂಜೆ ದೀಪ ಹಚ್ಚುವವರಿಲ್ಲ. ಅಂಥ ಊರು ಬೇಚಿರಾಕ್ ಗ್ರಾಮ. 1876–78ರ ಬರ, 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು, ಮಲೇರಿಯಾ ಜ್ವರ, ಹೀಗೆ ಊರು ಹಾಳಾಗಲು ನೂರು ಕಾರಣ. ಆದರೆ ಹೊಲದಲ್ಲಿ ನಿಂತಿರುವವನನ್ನು ಕೇಳಿ ನೋಡಿ, ಕಾರಣ ಒಂದೇ: ‘ಶಾಪ ಸ್ವಾಮಿ’.

ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ತಲಕಾಡಿನ ಮಾತನ್ನೇ ತೆಗೆದುಕೊಳ್ಳೋಣ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರರಸರಿಗೆ ಮಕ್ಕಳಾಗದಿರಲಿ ಎಂದು ಅಲಮೇಲಮ್ಮ ಶಪಿಸಿ ಹೊಳೆಗೆ ಹಾರಿದಳೆಂದು ಐತಿಹ್ಯ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಸಂದರ್ಭದ್ದು. ಇಂದಿನ ವಿಜ್ಞಾನಿಗಳು ಬೇರೆ ಕಾರಣ ತೋರಿಸಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಕಾವೇರಿಗೆ ಕಟ್ಟೆ ಕಟ್ಟಿಸಿದ. ಅದರಿಂದ ನದಿಯ ಪಾತ್ರದ ಮರಳು ಬಯಲಾಯಿತು. ಗಾಳಿ ಅದನ್ನು ಊರ ಮೇಲೆ ಸುರಿಯಿತು ಎಂದು. ಇರಬಹುದು. ಮರಳು ಹೇಗೆ ಬಂತೆಂಬುದನ್ನು ವಿಜ್ಞಾನ ಹೇಳಲಿ. ಆದರೆ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸನ್ನು ಅವಳ ಒಡವೆಗಾಗಿ ಆಳುಗಳು ಬೆನ್ನಟ್ಟಿದರಲ್ಲ, ಆ ಅನ್ಯಾಯದ ನೆನಪನ್ನು ನಾಲ್ಕು ನೂರು ವರ್ಷ ಕಾಪಾಡಿದ್ದು ಯಾವುದು? ಶಾಪದ ಕಥೆಯೇ ಅಲ್ಲವೆ? ಶಾಪವೆಂಬುದು ಕಾರ್ಯಕಾರಣದ ವಿವರಣೆಯಾಗಿ ಸುಳ್ಳು. ತೀರದ ಸಾಲದ ಪತ್ರವಾಗಿ ಅದು ನಿಜ. ಪ್ರಬಲರು ಮುಚ್ಚಿಹಾಕಲು ನೋಡಿದ ಲೆಕ್ಕವನ್ನು ದುರ್ಬಲರು ಬರೆದಿಟ್ಟುಕೊಳ್ಳುವ ಬಗೆ ಅದು.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ. ನನ್ನ ತಾಯಿಯ ತವರು ಹೇಮಾವತಿಯ ದಂಡೆಯ ಒಂದು ಸಣ್ಣ ಊರು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರ ಹಿಂದೆ 37 ಟಿ.ಎಂ.ಸಿ. ನೀರು ನಿಲ್ಲುತ್ತದೆ, ಭರ್ತಿಯಾದಾಗ ಮಟ್ಟ 2,922 ಅಡಿ, ಮುಳುಗುವ ನೆಲ 8,500 ಹೆಕ್ಟೇರಿನಷ್ಟು. ಆ ನೆಲದಲ್ಲಿ ಅಮ್ಮನ ಊರೂ ಒಂದು. ನನ್ನ ಸೋದರಮಾವಂದಿರಿಗೆ ಪರಿಹಾರ ಬಂತು, ಬೇರೆ ಕಡೆ ಜಮೀನೂ ಸಿಕ್ಕಿತು. ಒಬ್ಬರಿಗೆ ಒಂದು ದಿಕ್ಕಿನಲ್ಲಿ, ಇನ್ನೊಬ್ಬರಿಗೆ ಇನ್ನೊಂದು ದಿಕ್ಕಿನಲ್ಲಿ. ಹಬ್ಬಕ್ಕೆ ಹೆಣ್ಣುಮಗಳನ್ನು ಕರೆಯಲು ಬರುವವರು ಕ್ರಮೇಣ ನಿಂತರು. ಕರೆದುಕೊಂಡು ಹೋಗಲು ಊರೆಲ್ಲಿತ್ತು?

ನನ್ನ ತಂದೆಯ ಹೊಲ ಹೊಳೆನರಸೀಪುರ ತಾಲ್ಲೂಕಿನಲ್ಲಿ. ರಾಗಿ, ಹುರುಳಿ ಬೆಳೆಯುತ್ತಿದ್ದ ಆ ಹೊಲಕ್ಕೆ ಬಲದಂಡೆಯ ನಾಲೆಯ ನೀರು ಬಂತು. ಮನೆಯಲ್ಲಿ ಬತ್ತದ ಅನ್ನ ದಿನನಿತ್ಯದ ಊಟವಾಯಿತು. ನಾನು ಹಾಸನದ ಹಾಸ್ಟೆಲಿನಲ್ಲಿದ್ದು ಓದಿದ್ದು ಆ ಬತ್ತದ ದುಡ್ಡಿನಲ್ಲಿ. ಪ್ರತಿ ವರ್ಷ ನಾಲೆಗೆ ನೀರು ಬಿಟ್ಟ ದಿನ ಅಪ್ಪ “ಹೇಮಾವತಿ ಬಂದಳು” ಎಂದು ಕೈಮುಗಿಯುತ್ತಿದ್ದರು. ಅಮ್ಮ ಬೇರೊಂದು ಮಾತು ಹೇಳುತ್ತಿದ್ದಳು: “ನಮ್ಮೂರು ಬಂತು.” ನಾವು ಮಕ್ಕಳು ನಗುತ್ತಿದ್ದೆವು. ಆ ಮಾತಿನ ಅರ್ಥವೇನೆಂದು ಅವಳು ಬದುಕಿರುವ ತನಕ ನಾನು ಕೇಳಲಿಲ್ಲ. ಇದು ನನ್ನ ತಪ್ಪು.

ಅಂದಿನ ಸಭೆಗಳಲ್ಲಿ ಆಡುತ್ತಿದ್ದ ಒಂದು ಮಾತು ನೆನಪಿದೆ. ಮುಳುಗಡೆಯ ಊರಿನವರು ನಾಡಿಗಾಗಿ ‘ತ್ಯಾಗ’ ಮಾಡಿದ್ದಾರೆ ಎಂದು. ಈ ತ್ಯಾಗವೆಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ತ್ಯಾಗಕ್ಕೆ ಕರ್ತೃ ಯಾರು? ನನ್ನದನ್ನು ನಾನು ಬಿಟ್ಟರೆ ತ್ಯಾಗ. ನಿನ್ನದನ್ನು ನಾನು ಕೊಟ್ಟರೆ ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ: ಬಲಿ. ನಮ್ಮ ಜನಪದದ ‘ಕೆರೆಗೆ ಹಾರ’ ಈ ವಿಷಯದಲ್ಲಿ ಬಹಳ ಪ್ರಾಮಾಣಿಕವಾದ ಹಾಡು. ಕೆರೆ ಕಟ್ಟಿಸಿದ ಗೌಡ, ನೀರು ಬರಲಿಲ್ಲ, ಕೊಟ್ಟದ್ದು ಮಾತ್ರ ತನ್ನನ್ನಲ್ಲ, ಬೇರೆ ಮನೆಯಿಂದ ಬಂದ ಕಿರಿಯ ಸೊಸೆ ಭಾಗೀರಥಿಯನ್ನು. ಅವಳ ಗಂಡ ದಂಡಿನಿಂದ ಬಂದು ಅದೇ ಕೆರೆಗೆ ಹಾರಿದ. ಹಾಡು ಕೆರೆ ತುಂಬಿದ್ದನ್ನು ಹೇಳುತ್ತದೆ, ಬೆಲೆಯನ್ನೂ ಹೇಳುತ್ತದೆ. ಇದು ಸರಿಹೋಯಿತೆಂದು ಎಲ್ಲಿಯೂ ಹೇಳುವುದಿಲ್ಲ.

ಕುಲಕ್ಕಾಗಿ ಒಬ್ಬನನ್ನು, ಗ್ರಾಮಕ್ಕಾಗಿ ಕುಲವನ್ನು, ನಾಡಿಗಾಗಿ ಗ್ರಾಮವನ್ನು ಬಿಡಬೇಕೆಂಬ ನೀತಿಯನ್ನು ಬಲ್ಲವರು ಉದಾಹರಿಸುವುದುಂಟು. ಆದರೆ ಭಾರತದಲ್ಲಿ ವಿದುರ ಅದನ್ನು ಯಾರಿಗೆ ಹೇಳಿದ? ದುರ್ಯೋಧನ ಹುಟ್ಟಿದಾಗ ಧೃತರಾಷ್ಟ್ರನಿಗೆ. ಕೊಡುವವನು ಅರಸ; ಕೊಡಬೇಕಾದದ್ದು ಅವನದೇ ಮಗುವನ್ನು. ಬೆರಳು ತನ್ನ ಕಡೆಗೇ ತಿರುಗಿದಾಗ ಅರಸ ಒಪ್ಪಲಿಲ್ಲ. ನೀತಿಯ ಕೊನೆಯ ಮಾತನ್ನೂ ಜನ ಮರೆಯುತ್ತಾರೆ: ಆತ್ಮಕ್ಕಾಗಿ ಇಡೀ ಭೂಮಿಯನ್ನೇ ಬಿಡಬೇಕು ಎಂದು. ತ್ಯಾಗದ ನಿಜವಾದ ಅರ್ಥ ಬೇಕಿದ್ದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಬೇಕು. ಅಲ್ಲಿ ನಿಂತಿರುವವನು ಗೆದ್ದ ರಾಜ್ಯವನ್ನು ತಾನೇ ಬಿಟ್ಟವನು. ಎದುರಿನ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದ ಸುತ್ತಿನಿಂದಲೂ ಶಾಸನಗಳಿವೆ. ವ್ರತ ಹಿಡಿದು ದೇಹ ಬಿಟ್ಟವರ ಹೆಸರುಗಳು ಅವುಗಳಲ್ಲಿವೆ. ಅಲ್ಲಿ ಯಾರೂ ಪಕ್ಕದವನ ದೇಹವನ್ನು ಬಿಟ್ಟುಕೊಡಲಿಲ್ಲ.

ಹಾಗಾದರೆ ಅಣೆಕಟ್ಟು ಬೇಡವಾಗಿತ್ತೆ? ಇಲ್ಲಿ ನನ್ನ ನಾಲಗೆ ತಡೆಯುತ್ತದೆ. ಅದೇ ಚನ್ನರಾಯಪಟ್ಟಣ ಮಳೆ ಸಾಲದ ಬಯಲು; ಕೆರೆ ಒಣಗಿದ ವರ್ಷ ದನಗಳನ್ನು ಸಂತೆಗೆ ಹೊಡೆದವರ ನಾಡು. ಎಡದಂಡೆಯ ನಾಲೆ ಅಲ್ಲಿಗೂ, ಅದರಾಚೆ ತುಮಕೂರಿನ ಸೀಮೆಗೂ ನೀರು ಒಯ್ಯುತ್ತದೆ. ಆ ರೈತನ ಎದುರು ನಿಂತು, ನಿನಗೆ ನೀರು ಕೊಟ್ಟದ್ದು ಪಾಪವೆಂದು ಹೇಳುವ ಅಧಿಕಾರ ಯಾರಿಗಿದೆ? ಆ ಅನ್ನವನ್ನೇ ಉಂಡು ಓದಿದ ನನಗಂತೂ ಇಲ್ಲ. ಹಲವರ ಹಸಿವನ್ನು ನೀಗಲು ಕೆಲವರು ಮನೆ ಬಿಡಬೇಕಾದ ಪ್ರಸಂಗ ಲೋಕದಲ್ಲಿ ಬರುತ್ತದೆ. ಅದನ್ನು ಒಪ್ಪದವನು ಆಳಲಾರ.

ಆದರೆ ಒಂದು ಕೆಲಸ ಅಗತ್ಯವಾಗಿತ್ತೆಂದ ಮಾತ್ರಕ್ಕೆ ಅದರ ಋಣ ತೀರಿತೆಂದು ಅರ್ಥವಲ್ಲ. ವೈದ್ಯ ಕಾಲು ಕತ್ತರಿಸಿದ್ದು ಸರಿಯೇ ಇರಬಹುದು. ಕಾಲು ಹೋದದ್ದೂ ಅಷ್ಟೇ ನಿಜ. ಸಮರ್ಥನೆ ಬೇರೆ, ಋಣಮುಕ್ತಿ ಬೇರೆ. ಪಹಣಿಯಲ್ಲಿ ಹೆಸರಿದ್ದವನಿಗೆ ಪರಿಹಾರದ ದಾರಿ ಇರುತ್ತದೆ. ಆ ಊರಿನಲ್ಲಿ ಕೂಲಿ ಮಾಡಿ ಬದುಕಿದ, ಪಹಣಿಯೇ ಇಲ್ಲದವನು ಕಳೆದುಕೊಂಡದ್ದು ಯಾವ ಕಾಲಂನಲ್ಲಿ ಬರಬೇಕು? ತವರು ಹೋದ ಹೆಣ್ಣಿನ ನಷ್ಟಕ್ಕೆ ಯಾವ ದರ? ಬಲಿಯನ್ನು ತ್ಯಾಗವೆಂದು ಕರೆದ ಗಳಿಗೆಯಲ್ಲಿ ಈ ಪ್ರಶ್ನೆಗಳು ಮುಚ್ಚಿಹೋಗುತ್ತವೆ. ತ್ಯಾಗಿಗೆ ಹಾರ ಹಾಕಿದರೆ ಸಾಕು. ಬಲಿಯಾದವನಿಗೆ ಸಾಲ ತೀರಿಸಬೇಕು. ಮಿನಕಾಮಿಯ ಹಿರಿಯರು ಮಾಡಿದ್ದೂ ಇದನ್ನೇ. ಮಕ್ಕಳನ್ನು ಕೊಂದರು, ಆಮೇಲೆ ಅವರನ್ನು ಚಿಟ್ಟೆಯೆಂದರು, ಕಾವಲು ದೇವತೆಯೆಂದರು. ಋಣವನ್ನು ಪೂಜೆಯಾಗಿ ಮಾರ್ಪಡಿಸಿದ್ದರಿಂದ ಮುಂದಿನ ಸಲ ಕೊಡುವುದು ಇನ್ನೂ ಸುಲಭವಾಯಿತು. ಆ ಊರಿಗೆ ತಟ್ಟಿದ ಶಾಪವೆಂದರೆ ಅದೇ ಎಂದು ನನಗೆ ತೋರುತ್ತದೆ. ಒಪ್ಪಿಕೊಳ್ಳದ ತಪ್ಪು ಮತ್ತೆ ಮತ್ತೆ ತನ್ನನ್ನು ತಾನೇ ಮಾಡಿಸಿಕೊಳ್ಳುತ್ತದೆ. ಕೈ ಮಾತ್ರ ಹೊಸಬರದು.

ಆ ಆಟದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿದೆ. ಮಿಯೊಳ ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಒಂದು ಹಳೆಯ ಕ್ಯಾಮೆರ ಇದೆ. ಪ್ರೇತ ಎದುರು ಬಂದಾಗ ಓಡದೆ ನಿಂತು, ಅದು ಹತ್ತಿರ ಬರುವ ತನಕ ಕಣ್ಣು ತೆಗೆಯದೆ ನೋಡಿ ಚಿತ್ರ ತೆಗೆಯಬೇಕು. ಜಪಾನಿನಲ್ಲಿಯೇ ನಡೆದ ನಿಜವಾದ ಒಂದು ಕಥೆ ಇದರಿಂದ ನೆನಪಾಯಿತು. ಗಿಫು ಪ್ರಾಂತದ ತೊಕುಯಾಮ ಎಂಬ ಗ್ರಾಮ ಅಣೆಕಟ್ಟಿಗೆ ಸಂದಿತು. ಅಣೆಕಟ್ಟು ಮುಗಿದದ್ದು 2008ರಲ್ಲಿ. ಆ ಊರಿನ ಮಸುಯಾಮ ತಾಜುಕೊ ಎಂಬ ಹೆಂಗಸಿನ ಗಂಡ ಯುದ್ಧಕ್ಕೆ ಹೋದವನು ಮರಳಲಿಲ್ಲ. ಅರವತ್ತರ ವಯಸ್ಸಿನಲ್ಲಿ ಆಕೆ ಒಂದು ಸಾಧಾರಣ ಕ್ಯಾಮೆರ ಹಿಡಿದು ಊರಿನ ಪ್ರತಿ ಮನೆ, ಪ್ರತಿ ಮರ, ಹಬ್ಬ, ಮದುವೆ, ಮಕ್ಕಳು ಎಲ್ಲವನ್ನೂ ತೆಗೆಯತೊಡಗಿದಳು. 2006ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವಳ ಚಿತ್ರಗಳು ಲಕ್ಷದ ಹತ್ತಿರ. ಅಣೆಕಟ್ಟು ನಿಲ್ಲಲಿಲ್ಲ. ಆದರೆ ಕೊಟ್ಟದ್ದು ಏನೆಂಬುದನ್ನು ಇನ್ನು ಯಾರೂ ಅಲ್ಲಗಳೆಯುವಂತಿಲ್ಲ.

ನಮ್ಮಲ್ಲಿ ಅಂಥವರು ಇರಲಿಲ್ಲ. ನೀರು ಇಳಿದಾಗ ಕಾಣುವ ಶೆಟ್ಟಿಹಳ್ಳಿಯ ಇಗರ್ಜಿಯೊಂದು ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅದರ ಗೋಡೆಗಳನ್ನು ಹಿನ್ನೀರು ತಿನ್ನುತ್ತಿದೆ. ನೋಡಲು ದೂರದಿಂದ ಜನ ಬರುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಸುತ್ತಲಿನ ಮಣ್ಣಿನ ಮನೆಗಳಿಗೆ ಗೋಡೆಯೂ ಉಳಿಯಲಿಲ್ಲ.

ಮರುದಿನ ಸಂಜೆ ಹುಡುಗನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಬೇಸಗೆಯಾದ್ದರಿಂದ ನೀರು ಬಹಳ ಹಿಂದೆ ಸರಿದಿತ್ತು. ಬಿರಿದ ಕೆಸರಿನ ಮೇಲೆ ದನ ಮೇಯುತ್ತಿದ್ದವು. ದಾರಿಯಲ್ಲಿ ಅವನಿಗೆ ಅಮ್ಮನ ಮಾತು ಹೇಳಿದ್ದೆ. ಅವನು ಇಗರ್ಜಿಯ ಕಡೆ ನೋಡಲಿಲ್ಲ. ಫೋನು ಹೊರತೆಗೆದು, “ತಾತ, ಮುತ್ತಜ್ಜಿ ಊರು ಯಾವ ಕಡೆ?” ಎಂದು ಕೇಳಿದ.

ನಾನು ಕೈಯೆತ್ತಿದೆ. ಎತ್ತಿದ ಕೈ ಎತ್ತ ತೋರಬೇಕೆಂದು ತಿಳಿಯದೆ ಹಾಗೆಯೇ ನಿಂತಿತು. ದನ ಕಾಯುತ್ತಿದ್ದ ಮುದುಕನೊಬ್ಬ ಹತ್ತಿರ ಬಂದ. ಊರ ಹೆಸರು ಹೇಳಿದೆ. ಅವನು ಕೋಲು ಚಾಚಿ, ನೀರಿನ ನಡುವೆ ಒಂದು ಕಡೆ ತೋರಿಸಿ, “ಅಗೋ, ಅಲ್ಲಿ ಅರಳಿಕಟ್ಟೆ ಇತ್ತು” ಎಂದ. ಹುಡುಗ ಆ ನೀರಿನ ಚಿತ್ರವನ್ನು ತೆಗೆದುಕೊಂಡ.