ಏರಿನಲ್ಲಿ ಕಳೆದ ಹೊತ್ತು

ಮೈಸೂರಿನವರಿಗೆ ಬೆಟ್ಟ ಎಂದರೆ ಚಾಮುಂಡಿ ಬೆಟ್ಟವೇ, ಬೇರೆ ಹೆಸರು ಹೇಳಬೇಕಾಗಿಲ್ಲ. ಬೆಳ್ಳಂಬೆಳಗ್ಗೆ ಅದರ ಬುಡದಲ್ಲಿ ಸೈಕಲ್ ಸವಾರರು ಕಾಣಸಿಗುತ್ತಾರೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಕೈಗಡಿಯಾರದ ಗುಂಡಿ ಒತ್ತಿ ಹೊರಡುತ್ತಾರೆ. ತುದಿ ಮುಟ್ಟಿದಾಗ ಮತ್ತೊಮ್ಮೆ ಒತ್ತುತ್ತಾರೆ. ಇಳಿದು ಬಂದು ನೀರು ಕುಡಿದು, ಕೆಲವರು ಮರಳಿ ಏರುತ್ತಾರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನೊಳಗಿನ ಸುಮಾರು ಹತ್ತು ಕಿಲೋಮೀಟರಿನ ಸುತ್ತುದಾರಿಯಲ್ಲಿ, ಲಂಡನ್ನಿನ ರಿಚ್ಮಂಡ್ ಪಾರ್ಕಿನ ಏರಿಳಿತಗಳಲ್ಲಿ ನಡೆಯುವುದೂ ಇದೇ. ಹೊರಟಲ್ಲಿಗೇ ಬಂದು ನಿಲ್ಲುವ ಸವಾರಿ. ಯಾವ ಊರನ್ನೂ ತಲುಪಿದ್ದಾಗಲಿಲ್ಲ, ಯಾರನ್ನೂ ಕಂಡು ಬಂದದ್ದಾಗಲಿಲ್ಲ. ಕೈಗೆ ಸಿಕ್ಕಿದ್ದು ಒಂದು ಸಂಖ್ಯೆ: ಇಷ್ಟು ನಿಮಿಷ, ಇಷ್ಟು ಸೆಕೆಂಡು. ಆ ಸಂಖ್ಯೆ ಯಾವುದರ ಲೆಕ್ಕ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದಿದೆ.

ಮೊದಲು ಮೈಯ ಲೆಕ್ಕ ನೋಡೋಣ. ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಬೆಟ್ಟದ ತುದಿ ಸಾವಿರ ಮೀಟರನ್ನು ದಾಟುತ್ತದೆ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಂಡು, 250 ಮೀಟರ್ ಏರಿದರು ಎನ್ನೋಣ. ಆ ಭಾರವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾದದ್ದು ಸುಮಾರು 1,96,000 ಜೂಲ್, ಅಂದರೆ 47 ಕಿಲೋಕ್ಯಾಲೊರಿ. ನಮ್ಮ ಸ್ನಾಯುಗಳು ಉಂಡ ಅನ್ನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗವನ್ನಷ್ಟೇ ಪೆಡಲಿಗೆ ತಲುಪಿಸಬಲ್ಲವು, ಮಿಕ್ಕದ್ದು ಶಾಖವಾಗಿ ಬೆವರಿನ ದಾರಿ ಹಿಡಿಯುತ್ತದೆ. ಹಾಗಾಗಿ ಮೈ ನಿಜವಾಗಿ ಸುಡುವುದು 190 ಕಿಲೋಕ್ಯಾಲೊರಿಯ ಆಸುಪಾಸು. ಇಷ್ಟು ತೆತ್ತು ಗಳಿಸಿದ ಎತ್ತರವನ್ನು ಇಳಿಯುವಾಗ ಗಾಳಿಗೂ ಬ್ರೇಕಿಗೂ ಬಿಟ್ಟುಕೊಡುತ್ತೇವೆ. ಬುಡಕ್ಕೆ ಬಂದಾಗ, ಭೌತಶಾಸ್ತ್ರದ ಖಾತೆಯಲ್ಲಿ ಗುರುತ್ವದ ಎದುರು ಮಾಡಿದ ಒಟ್ಟು ಕೆಲಸ ಸೊನ್ನೆ. ಹೊರಗಿನ ಲೋಕದಲ್ಲಿ ಏನೂ ಆಗಿಲ್ಲ. ಆದದ್ದೆಲ್ಲ ಎದೆಯೊಳಗೆ, ತೊಡೆಯೊಳಗೆ.

ಇನ್ನು ಹೊತ್ತಿನ ಲೆಕ್ಕ. ನನಗೆ ಇದು ಮೊದಲ ಸಲ ಹೊಳೆದಾಗ ಬೆರಗಾಗಿತ್ತು, ಈಗಲೂ ಆ ಬೆರಗು ಹೋಗಿಲ್ಲ. ಐದು ಕಿಲೋಮೀಟರಿನ ಏರನ್ನು ಗಂಟೆಗೆ 10 ಕಿಲೋಮೀಟರಿನಂತೆ ಹತ್ತಿ, ಅದೇ ದಾರಿಯನ್ನು 40ರ ವೇಗದಲ್ಲಿ ಇಳಿದರೆ ಸರಾಸರಿ ಎಷ್ಟು? ಥಟ್ಟನೆ 25 ಅನ್ನಿಸುತ್ತದೆ. ನಿಜವಾಗಿ ಅದು 16. ಏರಿಗೆ 30 ನಿಮಿಷ ಹೋಯಿತು, ಇಳಿಜಾರಿಗೆ ಏಳೂವರೆ ನಿಮಿಷ. ಇಳಿಜಾರಿನಲ್ಲಿ ಜೀವ ಪಣಕ್ಕಿಟ್ಟು 50ರಲ್ಲಿ ಇಳಿದರೂ ಉಳಿಯುವುದು ಒಂದೂವರೆ ನಿಮಿಷ. ಏರಿನಲ್ಲಿ 10 ಇದ್ದದ್ದನ್ನು 11 ಮಾಡಿಕೊಂಡರೆ ಎರಡು ಮುಕ್ಕಾಲು ನಿಮಿಷದ ಹತ್ತಿರ ಉಳಿಯುತ್ತದೆ. ಇಳಿಯುವಾಗ ಬೆಳಕಿನ ವೇಗದಲ್ಲಿ ಇಳಿದೆವೆಂದೇ ಇಟ್ಟುಕೊಳ್ಳಿ, ಆಗಲೂ ಸರಾಸರಿ 20ನ್ನು ದಾಟದು, ಏಕೆಂದರೆ ಆ ಅರ್ಧ ಗಂಟೆ ಆಗಲೇ ಏರಿನಲ್ಲಿ ಖರ್ಚಾಗಿ ಹೋಗಿದೆ.

ದೂರದ ಲೆಕ್ಕದಲ್ಲಿ ಏರೂ ಇಳಿಜಾರೂ ಸರಿಸಮ. ಹೊತ್ತಿನ ಲೆಕ್ಕದಲ್ಲಿ ಐದರಲ್ಲಿ ನಾಲ್ಕು ಪಾಲು ಏರಿನದೇ. ನೆನಪು ಬೇರೆ ಥರ ಹೇಳುತ್ತದೆ: ಮನೆಗೆ ಬಂದವರು ಮುಖಕ್ಕೆ ಬೀಸಿದ ಗಾಳಿಯನ್ನು, ತಿರುವಿನಲ್ಲಿ ಕಂಡ ಊರನ್ನು, ಲಲಿತಮಹಲಿನ ಬಿಳಿ ಗುಮ್ಮಟವನ್ನು ವರ್ಣಿಸುತ್ತಾರೆ. ಆದರೆ ಬದುಕಿದ ನಿಮಿಷಗಳಲ್ಲಿ ಬಹುಪಾಲು ಕಳೆದದ್ದು ಮುಂದಿನ ಚಕ್ರದ ಎದುರಿನ ಎರಡು ಗಜ ಡಾಂಬರನ್ನು ನೋಡುತ್ತ, ಏದುಸಿರು ಬಿಡುತ್ತ. ಯಾವುದೇ ಕಸುಬು ಕಲಿತವರನ್ನು, ಮಕ್ಕಳನ್ನು ಬೆಳೆಸಿದವರನ್ನು, ಹಾಸಿಗೆ ಹಿಡಿದವರ ಸೇವೆ ಮಾಡಿದವರನ್ನು ಕೇಳಿ, ವರ್ಷಗಳು ಹೋದದ್ದೆಲ್ಲಿ ಎಂದು. ಬಾಳು ಎಂಬುದು ಸಂತಸದ ತುಣುಕುಗಳಲ್ಲಿದೆ, ನಡುವಿನ ಶ್ರಮ ಅದಕ್ಕೆ ತೆತ್ತ ಸುಂಕ ಎಂದು ನಾವು ನಂಬಿಕೊಂಡಿದ್ದೇವೆ. ಗಡಿಯಾರ ಆ ನಂಬಿಕೆಯನ್ನು ಒಪ್ಪುವುದಿಲ್ಲ. ಏರನ್ನು ಬದುಕಲು ಕಲಿಯದವನು ತನ್ನ ಹೊತ್ತಿನ ಐದರಲ್ಲಿ ನಾಲ್ಕು ಪಾಲನ್ನು ಕಾಯುವುದರಲ್ಲೇ ಕಳೆದುಬಿಡುತ್ತಾನೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಇಳಿಜಾರಿಗೆ ಗಡಿಯಾರ ಹಿಡಿಯುವುದು ತಪ್ಪು. ಅದು ಬೆಟ್ಟದ ರಸ್ತೆ, ಪಂದ್ಯದ ಮೈದಾನವಲ್ಲ. ನಡೆದು ಬರುವ ಭಕ್ತರಿದ್ದಾರೆ, ನಗರ ಸಾರಿಗೆಯ ಬಸ್ಸುಗಳಿವೆ, ತಿರುವಿನಾಚೆ ಕೋತಿಗಳ ಹಿಂಡು ಕೂತಿರುತ್ತದೆ. ಒಂದೂವರೆ ನಿಮಿಷದ ಆಸೆಗೆ ಇನ್ನೊಬ್ಬರ ಮೈಯನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ.

ಈ ಬೆಟ್ಟಕ್ಕೆ ಎಣಿಕೆ ಹೊಸದೇನಲ್ಲ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಸಾವಿರ ಮೆಟ್ಟಿಲುಗಳ ದಾರಿಯಾಯಿತು, ಏಕಶಿಲೆಯ ನಂದಿ ಮೂಡಿತು. ಅಂದಿನಿಂದ ಜನ ಎಣಿಸುತ್ತಲೇ ಹತ್ತುತ್ತಿದ್ದಾರೆ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತ ಮೇಲೇರುವುದನ್ನು ನೋಡಿದವರಿಗೆ ಗೊತ್ತು, ಅಲ್ಲಿ ಒಂದು ಮೆಟ್ಟಿಲನ್ನೂ ಬಿಡುವಂತಿಲ್ಲ. ಎಷ್ಟು ಹೊತ್ತಾಯಿತು ಎಂದು ಅವರು ನೋಡುವುದಿಲ್ಲ. ಹೋದ ಆಷಾಢಕ್ಕಿಂತ ಈ ಆಷಾಢ ಬೇಗ ಮುಗಿಸಿದಿರಾ ಎಂದು ಕೇಳಿದರೆ ಆ ಪ್ರಶ್ನೆಯೇ ಅವರಿಗೆ ಅರ್ಥವಾಗದು. ಸವಾರ ನಿಮಿಷ ಎಣಿಸುತ್ತಾನೆ, ಅವರು ಮೆಟ್ಟಿಲು ಎಣಿಸುತ್ತಾರೆ. ಈ ಎರಡು ಎಣಿಕೆಗಳು ಎದುರಾಳಿಗಳೆಂದು ನಾನು ಬಹಳ ದಿನ ತಿಳಿದಿದ್ದೆ: ಒಂದು ಭಕ್ತಿಯದು, ಇನ್ನೊಂದು ಅಹಂಕಾರದ್ದು ಎಂದು. ಈಗ ಹಾಗೆ ಅನ್ನಿಸುವುದಿಲ್ಲ. ಎಣಿಕೆ ಇಲ್ಲದಿದ್ದರೆ ಮೈ ಸುಲಭದ ದಾರಿ ಹುಡುಕುತ್ತದೆ, ನಡುವೆಲ್ಲೋ ಕೂತುಬಿಡುತ್ತದೆ, ಹತ್ತಿದೆ ಎಂದು ತನಗೇ ಸುಳ್ಳು ಹೇಳಿಕೊಳ್ಳುತ್ತದೆ. ಕೊಟ್ಟ ಮಾತನ್ನು ಮೈ ನಡೆಸಿಕೊಟ್ಟಿತೇ ಎಂದು ನೋಡಲು ಇಬ್ಬರಿಗೂ ಒಂದು ಸಾಕ್ಷಿ ಬೇಕು. ಬೇರೆಯಾಗುವುದು ಒಂದೇ ಕಡೆ. ಹರಕೆಯವರ ಎಣಿಕೆ ಸಾವಿರಕ್ಕೆ ಪೂರ್ಣವಾಗುತ್ತದೆ, ಸವಾರನ ಎಣಿಕೆ ಎಂದೂ ಪೂರ್ಣವಾಗುವುದಿಲ್ಲ. ನಿನ್ನೆಗಿಂತ ಒಂದು ಸೆಕೆಂಡು ಕಡಿಮೆ ಎಂಬುದಕ್ಕೆ ತಳವಿಲ್ಲ.

ತಳವಿಲ್ಲದ ಎಣಿಕೆಗೆ ಕೆಲವರು ತಾವೇ ಒಂದು ತುದಿ ಕಟ್ಟಿಕೊಂಡದ್ದುಂಟು. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮಾಲೊರಿಯ ಮೊಮ್ಮಗ, ಅದೇ ಹೆಸರಿನವನು, 1994ರಲ್ಲಿ ಆಸ್ಟ್ರೇಲಿಯಾದ ಡೊನಾ ಬುವಾಂಗ್ ಎಂಬ ಬೆಟ್ಟವನ್ನು ಸೈಕಲ್ಲಿನಲ್ಲಿ ಏರಿ ಇಳಿದು, ಮತ್ತೆ ಏರಿ, ಒಟ್ಟು ಏರಿದ ಎತ್ತರ ಎವರೆಸ್ಟಿನಷ್ಟು ಆಗುವವರೆಗೂ ಮುಂದುವರಿಸಿದ. ಮರುವರ್ಷ ನಿಜವಾದ ಶಿಖರವನ್ನೂ ಮುಟ್ಟಿದ. ತಾತನ ದೇಹ ಆಗಿನ್ನೂ ಸಿಕ್ಕಿರಲಿಲ್ಲ, ಅದು ಸಿಕ್ಕಿದ್ದು 1999ರಲ್ಲಿ. ಈಗ ಲೋಕದ ತುಂಬ ಸವಾರರು ತಮ್ಮ ತಮ್ಮ ಊರಿನ ಒಂದೇ ಏರನ್ನು ಹೀಗೆ 8,848 ಮೀಟರ್ ತುಂಬುವವರೆಗೆ ಹತ್ತುತ್ತಾರೆ. ಸುತ್ತಿಗೆ 250 ಮೀಟರಿನಂತೆ ನಮ್ಮ ಬೆಟ್ಟಕ್ಕೆ ಲೆಕ್ಕ ಹಾಕಿದರೆ 36 ಸಲ ಹತ್ತಬೇಕು. ಆ ಮೊಮ್ಮಗನ ಒಳಗೆ ಏನು ನಡೆಯಿತೋ ನಾನು ಊಹಿಸಹೋಗುವುದಿಲ್ಲ. ಆದರೆ ಮನೆಹತ್ತಿರದ ಸಣ್ಣ ಬೆಟ್ಟವನ್ನು ಮರಳಿ ಮರಳಿ ಹತ್ತುವುದರಿಂದಲೇ ದೂರದ ದೊಡ್ಡದರ ಎದುರು ನಿಲ್ಲಲು ಅಣಿಯಾಗಬಹುದು ಎಂಬುದು ನನಗೆ ತುಂಬ ದೊಡ್ಡ ಮಾತಾಗಿ ಕೇಳಿಸುತ್ತದೆ.

ಬೆಟ್ಟ ಬದಲಾಗುವುದಿಲ್ಲ, ಅದಕ್ಕೇ ಅದು ಒಳ್ಳೆಯ ಅಳತೆಗೋಲು ಎನ್ನುತ್ತಾರೆ. ಪೂರಾ ನಿಜವಲ್ಲ. ಗಾಳಿ ಎದುರು ಬೀಸಿದ ದಿನ, ಮಂಜು ಕವಿದ ದಿನ, ಮಳೆಗೆ ಡಾಂಬರು ಜಾರುವ ದಿನ ಸಂಖ್ಯೆ ಬೇರೆಯಾಗುತ್ತದೆ. 2021ರ ಮಳೆಗೆ ನಂದಿಗೆ ಹೋಗುವ ರಸ್ತೆಯ ಬದಿಯೇ ಕುಸಿದು ಹೋಯಿತು. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಕೆಳಗೇ ತಡೆದು ಜನರನ್ನು ಬಸ್ಸಿನಲ್ಲಿ ಒಯ್ಯುತ್ತಾರೆ, ಅಂದು ದಾರಿ ದೇವಿಯ ಭಕ್ತರದು. ಬೆಟ್ಟ ನಮ್ಮ ಗಡಿಯಾರಕ್ಕಾಗಿ ಹುಟ್ಟಿದ್ದಲ್ಲ ಎಂದು ನೆನಪಿಸುವ ಈ ದಿನಗಳು ನನಗೆ ಇಷ್ಟ.

ಎಲ್ಲ ಅಳತೆಯೂ ಒಂದೇ ಅಲ್ಲ ಎಂಬುದನ್ನೂ ಈ ಊರಿನಲ್ಲೇ ನೋಡಬಹುದು. ಪುರಭವನದ ಬಳಿಯ ದೊಡ್ಡ ಗಡಿಯಾರವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿಸಿದರು. ಹಣ ಕೂಡಿಸಿದವರು ಅರಮನೆಯ ನೌಕರರು. ಅದರ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಊರಿಗೆಲ್ಲ ಒಂದೇ ಹೊತ್ತು ತೋರಿಸಿದ ಗಡಿಯಾರ ಅದು. ಇಂದು ಅದರ ಕೆಳಗೆ ಊಟದ ಪೊಟ್ಟಣ ಬೆನ್ನಿಗೆ ಹಾಕಿಕೊಂಡ ಹುಡುಗರು ಬೈಕಿನಲ್ಲಿ ಓಡುತ್ತಾರೆ, ಕೆಲವರು ಸೈಕಲ್ಲಿನಲ್ಲೇ. ಅವರ ಮೊಬೈಲಿನಲ್ಲೂ ನಿಮಿಷಗಳು ಇಳಿಯುತ್ತಿರುತ್ತವೆ, ಆದರೆ ಆ ನಿಮಿಷಗಳನ್ನು ಗೊತ್ತುಮಾಡಿದವರು ಬೇರೆ, ತಡವಾದರೆ ಅದರ ನಷ್ಟ ಮಾತ್ರ ಹುಡುಗನದು. ಬೆಟ್ಟದ ಸವಾರ ತನ್ನ ಗುಂಡಿಯನ್ನು ತಾನೇ ಒತ್ತುತ್ತಾನೆ, ಬೇಡವೆನಿಸಿದಾಗ ಒತ್ತದೆ ಇರಬಲ್ಲ. ಬೆವರು ಒಂದೇ, ಎದೆಬಡಿತ ಒಂದೇ. ತನ್ನ ಹೊತ್ತನ್ನು ತಾನೇ ಅಳೆದುಕೊಳ್ಳುವ ಸವಲತ್ತು ಇದ್ದವರು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಉಳಿದದ್ದು ವಯಸ್ಸಿನ ಮಾತು. ಮೂವತ್ತು ದಾಟಿದ ಮೇಲೆ ಮೈ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಶಕ್ತಿ ದಶಕಕ್ಕೆ ಶೇಕಡಾ 10ರಷ್ಟು ಕುಂದುತ್ತ ಹೋಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಅಭ್ಯಾಸ ಬಿಡದವರಲ್ಲಿ ನಿಧಾನವಾಗಿ ಕುಂದಬಹುದು, ಕುಂದುವುದಂತೂ ಖಚಿತ. ಅಂದರೆ ಪ್ರತಿ ಸವಾರನ ಬದುಕಿನಲ್ಲೂ ಒಂದು ಬೆಳಗು ಅವನ ಅತಿ ಕಡಿಮೆ ಹೊತ್ತು ದಾಖಲಾಗುತ್ತದೆ, ಅದೇ ಕೊನೆಯದೆಂದು ಅಂದು ಅವನಿಗೆ ಗೊತ್ತಿರುವುದಿಲ್ಲ. ಆಮೇಲೆ ಸಂಖ್ಯೆ ಬೆಳೆಯತೊಡಗುತ್ತದೆ. ಗೆಲ್ಲುವುದಕ್ಕಾಗಿ ಮಾತ್ರ ಅಳೆಯುತ್ತಿದ್ದವನು ಅಲ್ಲಿಗೆ ಗಡಿಯಾರ ಬಿಚ್ಚಿಡುತ್ತಾನೆ, ಕೆಲವರು ಸೈಕಲ್ಲನ್ನೇ ಮಾರುತ್ತಾರೆ. ಮುಂದುವರಿಯುವವರೂ ಇದ್ದಾರೆ. ಅವರಿಗೆ ಬೆಟ್ಟ ಏರಲು ಹಿಂದಿಗಿಂತ ಹೆಚ್ಚು ಹೊತ್ತು ಬೇಕು, ಆ ಹೊತ್ತನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಬರೆದಿಡುತ್ತಾರೆ.

ಫ್ರಾನ್ಸಿನ ರಾಬರ್ಟ್ ಮಾರ್ಶಾಂ 1911ರಲ್ಲಿ ಹುಟ್ಟಿದವರು. ನೂರು ತುಂಬಿದ ಮೇಲೆ, 2012ರಲ್ಲಿ, ಒಂದು ಗಂಟೆಯಲ್ಲಿ 24 ಕಿಲೋಮೀಟರಿಗೂ ಹೆಚ್ಚು ದೂರ ಸೈಕಲ್ ತುಳಿದರು. 2014ರಲ್ಲಿ, 102ನೇ ವಯಸ್ಸಿನಲ್ಲಿ, ಅದನ್ನು 26.927 ಕಿಲೋಮೀಟರಿಗೆ ಏರಿಸಿದರು. ನಡುವಿನ ಅಭ್ಯಾಸದಿಂದ ಅವರ ಆಮ್ಲಜನಕ ಬಳಕೆಯ ಶಕ್ತಿ ಹೆಚ್ಚಿತ್ತೆಂದು ಅವರನ್ನು ಪರೀಕ್ಷಿಸಿದ ವಿಜ್ಞಾನಿಗಳು ದಾಖಲಿಸಿದ್ದಾರೆ. 2017ರ ಜನವರಿಯಲ್ಲಿ, 105ನೇ ವಯಸ್ಸಿನಲ್ಲಿ, ಪ್ಯಾರಿಸ್ ಹತ್ತಿರದ ಒಳಾಂಗಣ ಟ್ರ್ಯಾಕಿನಲ್ಲಿ ಮತ್ತೆ ಗಂಟೆ ಹಿಡಿದು ಸುತ್ತಿದರು. ಈ ಬಾರಿ 22.547 ಕಿಲೋಮೀಟರ್, ತಮ್ಮದೇ ಹಿಂದಿನ ದೂರಕ್ಕಿಂತ ನಾಲ್ಕು ಕಿಲೋಮೀಟರಿಗೂ ಮಿಕ್ಕಿದಷ್ಟು ಕಡಿಮೆ. ಅವರ ವಯೋಮಾನಕ್ಕೆ ಅದೇ ದಾಖಲೆಯಾಯಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೈಕಲ್ಲಿನಿಂದ ಇಳಿದ ಮಾರ್ಶಾಂ, ಹತ್ತು ನಿಮಿಷ ಉಳಿದಿದೆ ಎಂಬ ಸೂಚನೆ ತಮಗೆ ಕಾಣಲಿಲ್ಲ, ಕಂಡಿದ್ದರೆ ಇನ್ನೂ ಜೋರಾಗಿ ತುಳಿಯುತ್ತಿದ್ದೆ ಎಂದರು.