ತೀರಿಸದ ಮುಯ್ಯಾಳು

ಬೆಂಗಳೂರಿನ ರೈಲಿಗೆ ಬರುತ್ತಿದ್ದ ತಮ್ಮನನ್ನು ಕರೆತರಲು ಆ ದಿನ ನಸುಕಿನಲ್ಲೇ ಬೀರೂರಿಗೆ ಕಾರು ತಂದಿದ್ದೆ. ಹಿಂದಿನ ರಾತ್ರಿ ಅವನ ಮಗಳಿಗೆ ಚೊಚ್ಚಲ ಹೆರಿಗೆಯಾಗಿತ್ತು. ಬಾಣಂತನಕ್ಕೆಂದು ತಿಂಗಳ ಹಿಂದೆಯೇ ಊರಿನ ಮನೆಗೆ ಬಂದಿದ್ದಳು. ರೈಲಿಗೆ ಇನ್ನೂ ಹೊತ್ತಿತ್ತು. ಟೀ ಕುಡಿಯೋಣವೆಂದು ಬಸ್ ನಿಲ್ದಾಣದ ಕಡೆ ನಡೆದರೆ, ಅಲ್ಲಿ ಕಲ್ಲುಬೆಂಚಿನ ಮೇಲೆ ಗುಲಾಬಿ ಸೀರೆಯ ಹೆಂಗಸೊಬ್ಬಳು ಮಡಿಲಲ್ಲಿ ಚೀಲವಿಟ್ಟುಕೊಂಡು ಗೋಡೆಗೊರಗಿ ತೂಕಡಿಸುತ್ತಿದ್ದಳು. ಹತ್ತಿರ ಹೋದ ಮೇಲೆ ಗುರುತು ಸಿಕ್ಕಿತು. ನಮ್ಮೂರಿನ ಆಶಕ್ಕ.

ಆಶಾ ಕಾರ್ಯಕರ್ತೆ ಎಂಬುದು ಊರ ಬಾಯಲ್ಲಿ ಆಶಕ್ಕ ಆಗಿದೆ. ಮಕ್ಕಳೂ ಹಾಗೇ ಕರೆಯುತ್ತಾರೆ, ಮುದುಕರೂ ಹಾಗೇ ಕರೆಯುತ್ತಾರೆ.

"ಏನಮ್ಮಾ, ಇಲ್ಲಿದೀಯ?" ಎಂದೆ.

ಗಡಬಡಿಸಿ ಎದ್ದಳು. "ಆರೂಕಾಲಿನ ಬಸ್ಸಿಗೆ ಕಾಯ್ತಿದೀನಿ ಮೇಷ್ಟ್ರೇ. ಮಗು ಚೆನ್ನಾಗಿ ಹಾಲು ಕಚ್ಚಿಕೊಂಡಿತು, ನೋಡಿಕೊಂಡೇ ಬಂದೆ."

ಆಗ ನನಗೆ ರಾತ್ರಿ ನಡೆದದ್ದೆಲ್ಲ ಮತ್ತೆ ಮೊದಲಿನಿಂದ ಕಂಡಿತು. ಹತ್ತು ಗಂಟೆಗೆ ನೋವು ಶುರುವಾದಾಗ ನಾವು 108ಕ್ಕೂ ಮುಂಚೆ ಫೋನ್ ಮಾಡಿದ್ದು ಇವಳಿಗೆ. ಹತ್ತೇ ನಿಮಿಷದಲ್ಲಿ ಬ್ಯಾಟರಿ ಹಿಡಿದು ಬಂದಳು. ಆಂಬುಲೆನ್ಸಿನಲ್ಲಿ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಾಯಿ ಕಾರ್ಡು, ರಕ್ತದ ಗುಂಪಿನ ಚೀಟಿ, ಸ್ಕ್ಯಾನಿಂಗ್ ವರದಿ ಎಲ್ಲ ಅವಳ ಚೀಲದಲ್ಲೇ ಇದ್ದವು. ನಾನೂ ಮಗನೂ ಕಾರಿನಲ್ಲಿ ಹಿಂದೆ ಬೀರೂರಿನ ಆಸ್ಪತ್ರೆಗೆ ಹೋದೆವು. ಒಂದೂವರೆಗೆ ಮಗು ಹುಟ್ಟಿತು. ಬಂದು ಹೇಳಿದವಳೂ ಅವಳೇ. ನನ್ನ ಹೆಂಡತಿ ಬಾಣಂತಿಯ ಜೊತೆ ಉಳಿದಳು. ಉಳಿದ ನಾವು ಸಂಭ್ರಮದಲ್ಲಿ ಊರಿಗೆ ಹೊರಟೆವು. ಕಾರಿನ ಹಿಂದಿನ ಸೀಟು ಖಾಲಿಯಿತ್ತು. ಗರ್ಭಿಣಿಯನ್ನು ಕರೆತಂದ 108 ಆಶಕ್ಕನನ್ನು ಮನೆಗೆ ಬಿಡುವುದಿಲ್ಲ ಎಂಬುದು ನಮಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಅವಳೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಅವಳು ಒಳಗೆ ಎಳೆಗೂಸಿನ ಮೊದಲ ಹಾಲಿಗಾಗಿ ಕಾಯುತ್ತಿದ್ದಳು.

"ಒಂದು ಫೋನ್ ಮಾಡಿದ್ದರೆ ತಿರುಗಿ ಬರುತ್ತಿದ್ದೆವಲ್ಲಮ್ಮ."

"ಬಿಡಿ ಮೇಷ್ಟ್ರೇ, ಖುಷೀಲಿದ್ರಿ." ಸ್ವಲ್ಪ ತಡೆದು, "ಹಸು ಕರೆಯೋ ಹೊತ್ತು ಮೀರುತ್ತೆ, ಅದೊಂದೇ ಯೋಚನೆ," ಎಂದಳು. ಗಂಡ ಮೂಡಿಗೆರೆ ಕಡೆಯ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದ. ಅತ್ತೆಗೆ ಕಣ್ಣು ಮಂಜು. ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಕಟ್ಟಿಕೊಳ್ಳುತ್ತದೆ. ಡೈರಿಗೆ ಹಾಲು ತಪ್ಪಿದರೆ ಆ ಹೊತ್ತಿನ ದುಡ್ಡು ಹೋದ ಹಾಗೆ.

ತಮ್ಮನ ಜೊತೆ ಅವಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದೆ. ಮನೆ ಮುಟ್ಟುವಾಗ ಡೈರಿ ಬಾಗಿಲು ಹಾಕಿತ್ತು.

ಇಷ್ಟೇ ಪ್ರಕರಣ. ಯಾರಿಗೂ ಅಪಾಯವಾಗಲಿಲ್ಲ, ಯಾರೂ ಜಗಳವಾಡಲಿಲ್ಲ. ಆದರೆ ಅಂದಿನಿಂದ ನಾನು ಈ ಮಾತನ್ನು ಬಿಟ್ಟಿಲ್ಲ, ಈ ಮಾತು ನನ್ನನ್ನೂ ಬಿಟ್ಟಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದವನ ಕಾರಿನಲ್ಲೇ ಆ ಸೀಟು ಖಾಲಿ ಬಂದಿತ್ತು.

ಮೊದಲು ಅವಳ ಲೆಕ್ಕ ನೋಡೋಣ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಕ್ಕೊಬ್ಬರಂತೆ ಆಯಾ ಊರಿನ ಹೆಣ್ಣುಮಕ್ಕಳನ್ನೇ ಆರಿಸಿ ಈ ಕೆಲಸಕ್ಕೆ ತೆಗೆದುಕೊಂಡರು. ಸರ್ಕಾರದ ಕಾಗದದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಕೊಡುವುದು ಸಂಬಳವಲ್ಲ, ಮಾಡಿದ ಒಂದೊಂದು ಕೆಲಸಕ್ಕೆ ಪ್ರೋತ್ಸಾಹಧನ, ಅದರ ಮೇಲೆ ರಾಜ್ಯದ ಗೌರವಧನ. ಹೆರಿಗೆಯಾದ ಮನೆಗೆ 42 ದಿನಗಳಲ್ಲಿ ಆರು ಸಲ ಹೋಗಬೇಕು. ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು. ಕೂಸಿನ ತೂಕ ನೋಡಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳು ನೋಡಬೇಕು, ಬರೆದಿಡಬೇಕು. ಆರೂ ಭೇಟಿ ಮುಗಿದ ಮೇಲೆ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. ನಮ್ಮ ಮನೆಗೂ ಆರು ಸಲ ಬಂದಳು. ಮೂರನೆಯ ಸಲ ಮಳೆಯಲ್ಲಿ ನೆನೆದುಕೊಂಡೇ ಬಂದಿದ್ದಳು.

ಗೌರವಧನ ಎಂಬ ಮಾತನ್ನು ನಾನು ಬಹಳ ದಿನ ಒಳ್ಳೆಯ ಮಾತೆಂದೇ ತಿಳಿದಿದ್ದೆ. ಸಂಬಳಕ್ಕೆ ತಾರೀಖುಂಟು, ರಜೆಯುಂಟು, ಭವಿಷ್ಯನಿಧಿಯುಂಟು, ನಿವೃತ್ತಿಯ ದಿನ ಕೈಗೊಂದಿಷ್ಟು ಗಂಟುಂಟು. ಗೌರವಧನಕ್ಕೆ ಇದಾವುದೂ ಇಲ್ಲ. ಗೌರವ ಎಂಬ ಹೆಸರಿಟ್ಟ ಮೇಲೆ ಸಾಲದೆಂದು ಕೇಳುವ ಬಾಯಿಯೂ ಕಟ್ಟಿಹೋಗುತ್ತದೆ. ಅಂಗನವಾಡಿಯವರದೂ ಇದೇ ಕಥೆ. ಅವರ ಯೋಜನೆ 1975ರ ಗಾಂಧಿ ಜಯಂತಿಯಂದು ಶುರುವಾಯಿತು. ಅವರಿಗೂ ಗ್ರ್ಯಾಚುಯಿಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಆ ಮೊದಲ ದಿನಗಳಲ್ಲಿ ಸೇರಿದ ಹುಡುಗಿಯರು ಅಷ್ಟರಲ್ಲಿ ಅಜ್ಜಿಯರಾಗಿದ್ದರು.

ನಮ್ಮ ಕಡೂರು ಸೀಮೆಯಲ್ಲಿ ಇದಕ್ಕಿಂತ ಹಳೆಯ ಒಂದು ಲೆಕ್ಕವಿತ್ತು. ಜಿಲ್ಲೆಯ ಹೆಸರು ಹೇಳಿದರೆ ಹೊರಗಿನವರಿಗೆ ಕಾಫಿ, ಮಳೆ, ಹಸಿರು ಬೆಟ್ಟ ನೆನಪಾಗುತ್ತವೆ. ಕಡೂರು, ಬೀರೂರು, ಅಜ್ಜಂಪುರದ ಸುತ್ತಿನದು ಬಯಲು. ರಾಗಿ, ಈರುಳ್ಳಿ, ತೆಂಗಿನ ನೆಲ. ಮಳೆ ಬಂದ ನಾಲ್ಕು ದಿನದಲ್ಲೇ ಬಿತ್ತಬೇಕು, ಹದ ತಪ್ಪುವ ಮೊದಲೇ ಕುಂಟೆ ಹೊಡೆಯಬೇಕು, ಕಳೆ ತೆಗೆಯಬೇಕು. ಒಂದು ಮನೆಯ ಕೈ ಸಾಲದು. ಹಾಗಾಗಿ ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಮೂರು ಆಳು ಬಂದರೆ, ನಮ್ಮ ಹೊಲಕ್ಕೆ ನೀವು ಮೂರು ಆಳು ಕಳಿಸಬೇಕು. ಇದಕ್ಕೆ ಪುಸ್ತಕವಿರಲಿಲ್ಲ. ಆದರೂ ಯಾರ ಮುಯ್ಯಿ ಎಷ್ಟು ಬಾಕಿ ಎಂಬುದು ನಮ್ಮವ್ವನಿಗೆ ಎರಡು ವರ್ಷದವರೆಗೆ ನೆನಪಿರುತ್ತಿತ್ತು. ಬಾಕಿ ಉಳಿಸಿಕೊಂಡವರ ಮನೆಯ ಮದುವೆಗೆ ಚಪ್ಪರ ಹಾಕುವಾಗ ಜನ ನಿಧಾನವಾಗಿ ಬರುತ್ತಿದ್ದರು. ಅದೇ ಅವರಿಗೆ ಆಗುತ್ತಿದ್ದ ದಂಡ.

ಮುಯ್ಯಾಳಿನ ಗುಟ್ಟೇನೆಂದರೆ, ಸಹಾಯ ಮಾಡಿದವನು ತ್ಯಾಗಿಯಾಗುವುದಿಲ್ಲ, ಪಡೆದವನು ಭಿಕ್ಷುಕನಾಗುವುದಿಲ್ಲ. ಇಬ್ಬರ ತಲೆಯೂ ಒಂದೇ ಎತ್ತರದಲ್ಲಿರುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕವೂ ನಡೆಯುತ್ತಿತ್ತು. ಅದನ್ನು ಮರೆಮಾಚಿದರೆ ನಾನು ಹೇಳುವುದೆಲ್ಲ ಸುಳ್ಳಾಗುತ್ತದೆ. ತೋಟಿ, ತಳವಾರ, ನೀರುಗಂಟಿ ಊರ ಕೆಲಸ ಮಾಡುತ್ತಿದ್ದರು. ಕಣದಲ್ಲಿ ರಾಶಿಯಾದಾಗ ಅವರ ಪಾಲಿನ ಆಯ ತೆಗೆದಿಡುತ್ತಿದ್ದರು. ನೀರುಗಂಟಿಗೆ ಕೊಟ್ಟ ಮೊರದ ಕಾಳು ಧರ್ಮ ಎಂದು ಯಾರೂ ಅನ್ನುತ್ತಿರಲಿಲ್ಲ, ಅದು ಅವನ ಹಕ್ಕು. ಆದರೆ ಆ ಕೆಲಸ ಹುಟ್ಟಿನಿಂದ ಕೊರಳಿಗೆ ಬಿದ್ದದ್ದು. ಒಲ್ಲೆ ಎನ್ನುವಂತಿರಲಿಲ್ಲ. ಸತ್ತ ದನ ಎಳೆಯುವುದು, ರಾತ್ರಿ ಸಾವಿನ ಸುದ್ದಿ ಮುಟ್ಟಿಸಲು ಪರವೂರಿಗೆ ಓಡುವುದು, ಎಲ್ಲ ಒಂದೇ ಕೇರಿಯ ಪಾಲು. ಅದರಲ್ಲಿ ಬಹುಪಾಲು ಬಿಟ್ಟಿ ಚಾಕರಿಯೇ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆ ವಂಶಪಾರಂಪರ್ಯದ ಕಟ್ಟನ್ನು ಬಿಚ್ಚಿತು. ಬಿಚ್ಚಿದ್ದು ನ್ಯಾಯವೇ. ಹಿಂದಿನ ಊರೇ ಚೆನ್ನಾಗಿತ್ತು ಎನ್ನುವವರ ಜೊತೆ ನಾನು ಸೇರಲಾರೆ.

ನನ್ನ ಪ್ರಶ್ನೆ ಬೇರೆ. ಊರಿಗಾಗಿ ರಾತ್ರಿ ಎದ್ದು ಹೋಗುವ ಕೆಲಸ ಇಂದಿಗೂ ಇದೆ. ಅದನ್ನು ಆಶಕ್ಕ ಮಾಡುತ್ತಿದ್ದಾಳೆ. ಅವಳ ಕೆಲಸವನ್ನು ನಾವು ಯಾವ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ, ಮುಯ್ಯಿಯೋ, ಬಿಟ್ಟಿಯೋ? ಕಣದ ಆಯವಂತೂ ಅವಳಿಗಿಲ್ಲ. ನಾವು ಅವಳ ಆಳನ್ನು ಪಡೆಯುತ್ತಲೇ ಇದ್ದೇವೆ, ತಿರುಗಿ ಕಳಿಸಿದ್ದು ಒಂದೂ ನೆನಪಿಲ್ಲ. 2020ರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಯಾರು ಬಂದಿದ್ದಾರೆಂದು ಬರೆದುಕೊಳ್ಳಲು ಅವಳು ಮನೆಮನೆಗೆ ಬಂದಾಗ, ನಮ್ಮ ಬೀದಿಯಲ್ಲೇ ಕದ ತೆಗೆಯದೆ ಒಳಗಿನಿಂದ ಬೈದವರಿದ್ದರು. ಕೇಳಿಸಿಕೊಂಡು ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಆ ವರ್ಷ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ರಾಜ್ಯದ ಆಶಾಗಳು ಮುಷ್ಕರ ಮಾಡಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಅದೇ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿದ ಮೇಲೆ ಎದ್ದರು. ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಬರಬೇಕಾಯಿತು.

"ದುಡ್ಡು ತಗೊಂಡ ಮೇಲೆ ಸೇವೆ ಹೇಗಾಗುತ್ತೆ?" ಎಂದು ನಮ್ಮೂರಿನ ಹಿರಿಯರೊಬ್ಬರು ಕೇಳಿದರು. ಅವರು ಕೆಟ್ಟವರಲ್ಲ, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಓಡಾಡಿದವರು. ಅವರಿಗೆ ನಾನು ಅವರ ದೇವಸ್ಥಾನದಿಂದಲೇ ಉತ್ತರ ಕೊಟ್ಟೆ. ಅರ್ಚಕರಿಗೆ ಮುಜರಾಯಿಯಿಂದ ತಸ್ತೀಕು ಬರುತ್ತದೆ. ತಸ್ತೀಕು ಪಡೆದರು ಎಂದು ಅವರ ಪೂಜೆ ಪೂಜೆಯಲ್ಲ ಅನ್ನುತ್ತೇವೆಯೇ? ತಸ್ತೀಕು ತಡವಾದರೆ ನಾವೇ ಅರ್ಜಿ ಬರೆದುಕೊಡುತ್ತೇವೆ. ಒಬ್ಬನ ಹೊಟ್ಟೆಯ ಚಿಂತೆ ತೀರಿದರೆ ಅವನ ಭಕ್ತಿ ಕಡಿಮೆಯಾಗುವುದಿಲ್ಲ, ಗಂಟೆ ಬಾರಿಸುವ ಹೊತ್ತಿಗೆ ಅವನು ಗುಡಿಯಲ್ಲಿರುತ್ತಾನೆ.

ಸರ್ಕಾರ ಕೊಡಬೇಕಾದ್ದನ್ನು ಸರ್ಕಾರವೇ ಕೊಡಬೇಕು. ಊರವರ ಒಳ್ಳೆಯತನ ಸರ್ಕಾರದ ಬಾಕಿಗೆ ಜಮೆಯಾಗಬಾರದು. ಇದನ್ನು ಒತ್ತಿ ಹೇಳುತ್ತೇನೆ. ಆದರೆ ಆ ರಾತ್ರಿಯ ಖಾಲಿ ಸೀಟು ಸರ್ಕಾರದ್ದಲ್ಲ.

ಹಳ್ಳಿಯಲ್ಲಿ ಒಗ್ಗಟ್ಟು ಸತ್ತುಹೋಯಿತು, ಈಗ ಯಾರೂ ಯಾರಿಗೂ ಆಗುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ದಸರಾದಲ್ಲಿ ಬೀರೂರಿಗೆ ಬಂದು ನೋಡಬೇಕು. ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಲು ಸುತ್ತಲ ಹಳ್ಳಿಗಳ ಜನ ಮಹಾನವಮಿ ಬಯಲಿನಲ್ಲಿ ಸೇರುತ್ತಾರೆ. ಗೊರವಯ್ಯನ ಬಾಯಿಂದ ಏನು ಬರುವುದೋ ಎಂದು ಅಷ್ಟು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನಮ್ಮೂರಿನ ಜಾತ್ರೆಗೂ ಪಟ್ಟಿ ಎತ್ತಿದರೆ ಕೊಡದ ಮನೆಯಿಲ್ಲ. ಅಕ್ಕಿ, ಬೇಳೆ, ತೆಂಗಿನಕಾಯಿ, ಸೌದೆ ತಾವಾಗಿ ಬರುತ್ತವೆ. ಬಡಿಸಲು ಹುಡುಗರು ನಾ ಮುಂದು ತಾ ಮುಂದು ಎನ್ನುತ್ತಾರೆ. ಕೈಗಳಿಗೆ ಬರವಿಲ್ಲ. ಡೊಳ್ಳು ಬಾರಿಸಿದ ಕಡೆ ಬರುವ ರೂಢಿ ಕೈಗಳಿಗಿದೆ. ಡೊಳ್ಳಿಲ್ಲದ ಕೆಲಸಕ್ಕೆ ಊರು ಇನ್ನೂ ರೂಢಿ ಮಾಡಿಕೊಂಡಿಲ್ಲ.

ನಮಗೆ ತಕ್ಷಣ ಹೊಳೆಯುವ ರೂಢಿ ಶಾಲು. ರಾಜ್ಯೋತ್ಸವಕ್ಕೆ ಆಶಕ್ಕನಿಗೆ ಸನ್ಮಾನ ಮಾಡೋಣ ಎಂದು ಯುವಕ ಸಂಘದವರು ಬಂದರು. ನಾನು ಅವಳನ್ನೇ ಕೇಳಿ ಎಂದೆ. "ಶಾಲು ಮನೇಲಿ ನಾಲ್ಕಿದಾವೆ. ಹಾಕಿದ ದಿನ ಸಂತೋಷಾನೇ ಆಗಿತ್ತು," ಎಂದಳು. ಹುಡುಗರಿಗೆ ಅರ್ಥವಾಯಿತು. ಅವರಲ್ಲೊಬ್ಬ, "ಹಾಗಾದರೆ ನಿಮಗೆ ಏನು ಕಷ್ಟ ಹೇಳಿ ಅಕ್ಕಾ," ಎಂದ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಊರಿನಲ್ಲಿ ಯಾರಾದರೂ ಕೇಳಿದ್ದು ನಾನು ಕಾಣೆ.

ಅವಳು ಹೇಳಿದ್ದು ಮೂರೇ. ರಾತ್ರಿ ಆಸ್ಪತ್ರೆಯಿಂದ ಹಿಂತಿರುಗುವುದು. ಬೆಳಗಿನ ಹಾಲು ಕರೆಯುವುದು. ಲಸಿಕೆಯ ದಿನ ಮನೆಮನೆಗೆ ಹೋಗಿ ತಾಯಂದಿರನ್ನು ಎರಡೆರಡು ಸಲ ಕರೆಯಬೇಕಾಗುವುದು.

ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದೊಂದಿದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿಯನ್ನು ಆರೋಗ್ಯ ಅಭಿಯಾನದಲ್ಲೇ ಇಟ್ಟಿದ್ದಾರೆ. ನಮ್ಮಲ್ಲಿ ಚರಂಡಿಗೆ ಬ್ಲೀಚಿಂಗ್ ಪುಡಿ ಹಾಕುವುದರಲ್ಲೇ ಅದು ಮುಗಿಯುತ್ತಿತ್ತು. ಅಂಗನವಾಡಿಯಲ್ಲಿ ಅದರ ಸಭೆ ಸೇರಿದಾಗ ಯುವಕರು ರಾತ್ರಿ ಅವಳನ್ನು ಕರೆತರಲು ಬೈಕಿನ ಸರದಿ ಹಾಕೋಣ ಎಂದರು. ಹಿಂದಿನ ಸಾಲಿನಿಂದ ಸ್ತ್ರೀಶಕ್ತಿ ಸಂಘದ ಹೆಂಗಸೊಬ್ಬಳು, "ಅಪರಾತ್ರೀಲಿ ಗಂಡಸಿನ ಬೈಕಲ್ಲಿ ಬಂದರೆ ನಾಳೆ ನಿಮ್ಮ ಊರು ಸುಮ್ಮನಿರುತ್ತಾ?" ಎಂದಳು. ಅದು ನಮಗಾರಿಗೂ ಹೊಳೆದಿರಲಿಲ್ಲ. ಕಡೆಗೆ ಹೆರಿಗೆಯಾದ ಮನೆಯವರೇ ಆಟೋ ಮಾಡಿ, ತಮ್ಮ ಮನೆಯ ಒಬ್ಬ ಹೆಂಗಸನ್ನು ಜೊತೆ ಮಾಡಿ ಅವಳನ್ನು ಬಾಗಿಲವರೆಗೆ ಬಿಡಬೇಕು, ಕೈಲಾಗದ ಮನೆಯಾದರೆ ಸಂಘ ಕೊಡಬೇಕು ಎಂದಾಯಿತು. ಲಸಿಕೆಯ ದಿನ ಕೇರಿಗೊಬ್ಬಳು ಕರೆಯುವ ಕೆಲಸ ವಹಿಸಿಕೊಂಡಳು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಈರುಳ್ಳಿ ಕೀಳುವ ಕಾಲ ಬಂದಾಗ ನಿಂತಿತು. ಆಗ ನನಗೆ ಬೇಸರವಾಗಿತ್ತು. ನಿಂತದ್ದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಆ ಹಿಂದಿನ ಸಾಲಿನವಳು. ನಮ್ಮ ಭಾಷಣಗಳಿಗೆ ಅದರಲ್ಲಿ ಪಾತ್ರವಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಂತಿದ್ದೆ. ರಾತ್ರಿ ಮೇಲಿನ ಬೀದಿಗೆ 108 ಬಂದು ಹೋದದ್ದು ಕೇಳಿಸಿತ್ತು. ನನ್ನ ಮುಂದೆ ಆಶಕ್ಕನ ಎದುರು ಮನೆಯವಳು ಎರಡು ಕ್ಯಾನು ತಂದಿದ್ದಳು. ಒಂದನ್ನು ಅಳೆಸಿ ಬರೆಸಿದಳು, ಇನ್ನೊಂದನ್ನು ಮುಂದಿಟ್ಟಳು.

"ಇದು ಯಾರ ಹೆಸರಿಗೆ?" ಎಂದ ಬರೆದುಕೊಳ್ಳುವವನು.

ಅವಳು ಒಂದು ಹೆಸರು ಹೇಳಿದಳು. ಯಾರದಿರಬಹುದೆಂದು ಒಂದು ಗಳಿಗೆ ಯೋಚಿಸಿದೆ. ಆಶಕ್ಕನ ಹೆಸರು ನಾನು ಕೇಳಿದ್ದು ಅದೇ ಮೊದಲು. ಅವನು ಪುಟ ತಿರುವಿ ಆ ಹೆಸರಿನ ಎದುರು ನಾಲ್ಕೂವರೆ ಲೀಟರ್ ಎಂದು ಬರೆದ. ಅಷ್ಟರಲ್ಲಿ ಬೀರೂರು ರಸ್ತೆಯ ತಿರುವಿನಲ್ಲಿ ಆಟೋದ ದೀಪ ಕಾಣಿಸಿತು.