ನೋಡುವುದಕ್ಕೂ ಒಂದು ಧರ್ಮ

ಪ್ರಾಣಿಗಳ ಮೇಲೆ ಪ್ರೀತಿಯುಂಟೆಂದು ಎಲ್ಲರೂ ಹೇಳುತ್ತೇವೆ. ಆ ಪ್ರೀತಿ ಯಾರ ಸುಖಕ್ಕಾಗಿ ಎಂದು ಕೇಳಿಕೊಳ್ಳುವವರು ವಿರಳ. ಕೊಲ್ಲುವುದು ಹಿಂಸೆ, ಸರಿ. ಮುದ್ದಿಸಿ ಉಣಿಸುವುದರಲ್ಲೂ ಹಿಂಸೆ ಇರಬಹುದೇ? ಈ ಪ್ರಶ್ನೆಗೆ ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪ ಒಳ್ಳೆಯ ನಿದರ್ಶನ.

ಆ ದ್ವೀಪದ ಉತ್ತರಕ್ಕೆ, ಹವಳದ ದಿಬ್ಬಗಳ ಮರೆಯಲ್ಲಿ, ಅಲೆಯಿಲ್ಲದ ಕೊಲ್ಲಿಯೊಂದಿದೆ. ಹಿಂದೆ ಬೆಸ್ತರು ಅಲ್ಲಿ ದೋಣಿ ನಿಲ್ಲಿಸಿ, ಹಿಡಿದ ಮೀನನ್ನು ಹೆಚ್ಚಿ ಹಸನು ಮಾಡುತ್ತಿದ್ದರು. ನೀರಿಗೆಸೆದ ಚೂರುಗಳಿಗಾಗಿ ತೊರಕೆ ಮೀನುಗಳು ಬಂದು ಸೇರತೊಡಗಿದವು. 1980ರ ದಶಕದಲ್ಲಿ ಮುಳುಗುವವರು ಅವಕ್ಕೆ ಕೈಯಿಂದಲೇ ತಿನ್ನಿಸತೊಡಗಿದರು. ಸುದ್ದಿ ಹಬ್ಬಿತು. ಈಗ ಹಡಗುಗಳಲ್ಲಿ ಬಂದಿಳಿಯುವ ಪ್ರವಾಸಿಗರು ಸೊಂಟದುದ್ದದ ನೀರಿನಲ್ಲಿ ನಿಂತು, ಕೆಲವರು ಸ್ನಾರ್ಕೆಲ್ ಕೊಳವೆ ಬಾಯಿಗಿಟ್ಟು ತೇಲುತ್ತ, ಅವಕ್ಕೆ ಬೊಂಡಾಸದ ತುಂಡು ಕೊಡುತ್ತಾರೆ. ತಬ್ಬಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ.

ತೊರಕೆ ಸ್ವಭಾವತಃ ಒಂಟಿಜೀವಿ. ರಾತ್ರಿ ಹೊರಟು, ಮರಳು ಕೆದಕಿ, ಏಡಿ ಸಿಗಡಿ ಹುಡುಕಿ ತಿನ್ನುವುದು ಅದರ ಬಾಳು. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಕೊಲ್ಲಿಯ ತೊರಕೆಗಳು ರಾತ್ರಿಯ ಬದಲು ಹಗಲು ಸಂಚರಿಸುತ್ತವೆ, ಚಿಕ್ಕ ಜಾಗದಲ್ಲೇ ಗುಂಪುಗೂಡಿರುತ್ತವೆ ಎಂದು ತೋರಿಸಿತು. ಅವುಗಳ ಮೈಮೇಲೆ ಪರೋಪಜೀವಿಗಳೂ ಗಾಯಗಳೂ ಹೆಚ್ಚೆಂದು ಅದಕ್ಕೂ ಮುಂಚಿನ ಅಧ್ಯಯನಗಳು ಹೇಳಿದ್ದವು. ಹೊಟ್ಟೆಪಾಡು ಹಗಲು ರಾತ್ರಿಗಳನ್ನು ಅದಲುಬದಲು ಮಾಡಿತು! ರಾತ್ರಿಪಾಳಿ ಕಂಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಾವು ಲೆಕ್ಕಹಾಕಿ, ಒಪ್ಪಿ ಊರು ಬಿಟ್ಟು ಬಂದವರು. ಮೀನಿನ ಒಪ್ಪಿಗೆಯನ್ನು ಯಾರು ಕೇಳಿದರು?

ಇದಕ್ಕೆ ತೂಕವುಳ್ಳ ಉತ್ತರವೂ ಇದೆ. ನೋಡಲು ಜನ ಬರುವುದರಿಂದಲೇ ಬದುಕಿರುವ ತೊರಕೆಗೆ ಬೆಲೆ. 2013ರಲ್ಲಿ ಅಲ್ಲಿಯ ಸರ್ಕಾರ ಕಾನೂನಿನ ರಕ್ಷಣೆಯನ್ನೂ ಕೊಟ್ಟಿತು. ಕೈಯಲ್ಲಿ ಮುಟ್ಟಿದ ಮಗು ಮುಂದೆ ಸಮುದ್ರವನ್ನು ಕಾಯಬಹುದು. ಈ ವಾದವನ್ನು ತಳ್ಳಿಹಾಕಲಾಗದು. ಆದರೆ ರಕ್ಷಣೆ ಉಣಿಸುವಿಕೆಯನ್ನೇ ಅವಲಂಬಿಸಬೇಕೆ? 2020ರಲ್ಲಿ ಸಾಂಕ್ರಾಮಿಕದಿಂದ ಪ್ರವಾಸಿ ಹಡಗುಗಳೆಲ್ಲ ನಿಂತುಹೋದವು. ರೂಢಿ ಮಾಡಿಸಿದ ಕೈ ಹಾಗೆ ಒಮ್ಮೆಲೇ ಬಾರದಾದರೆ, ಹೊಣೆ ಯಾರದು?

ಶೃಂಗೇರಿಯ ತುಂಗೆಯಲ್ಲಿ ನಾವೂ ಮೀನುಗಳಿಗೆ ಮಂಡಕ್ಕಿ ಎರಚುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ಅಲ್ಲಿ ಮೀನನ್ನು ಯಾರೂ ಹಿಡಿಯುವುದಿಲ್ಲ, ನೀರಿನಿಂದೆತ್ತಿ ಅಪ್ಪಿಕೊಳ್ಳುವುದಿಲ್ಲ. ಪೂಜ್ಯಭಾವ ನಡುವೆ ಒಂದು ಅಂತರವನ್ನಿಟ್ಟಿದೆ. ಆದರೂ ಭಕ್ತಿಯಿಂದ ಎರಚಿದ ಮಾತ್ರಕ್ಕೆ ಅದು ಮೀನಿಗೆ ಹಿತವೆಂದು ಹೇಳಲಾಗದು. ಕೊಡುವವನ ಭಾವ ಒಂದು, ಪಡೆಯುವವನ ಹಿತ ಇನ್ನೊಂದು. ದಾನದ ವಿಚಾರದಲ್ಲಿ ನಾವು ಬಹಳ ಸಲ ಮರೆಯುವುದು ಇದನ್ನೇ.

ಹಾಗಾದರೆ ಸಮುದ್ರಕ್ಕಿಳಿಯಲೇಬಾರದೆ? ಹಾಗಲ್ಲ. ಹವಳವನ್ನು ಮೆಟ್ಟದೆ, ಆಮೆಯನ್ನು ಬೆನ್ನಟ್ಟದೆ, ಕೈಗಳನ್ನು ತನ್ನ ಬಳಿಯೇ ಇಟ್ಟುಕೊಂಡು ತೇಲುವವನೂ ಬೇಕಾದಷ್ಟು ಕಾಣುತ್ತಾನೆ. ಅವನಿಗೆ ತೊರಕೆ ದೂರದಲ್ಲಿ ನೆರಳಿನಂತೆ ಸರಿದು ಹೋಗಬಹುದು, ಬಾರದೆಯೂ ಇರಬಹುದು. ಆ ಬಾರದಿರುವ ಸ್ವಾತಂತ್ರ್ಯವನ್ನು ಅದಕ್ಕೆ ಉಳಿಸುವುದೇ ನೋಡುವವನ ಧರ್ಮ.

ನಮ್ಮ ಮಕ್ಕಳು, ಮೊಮ್ಮಕ್ಕಳು ಇಂದು ಅಂಥ ಕಡಲತೀರಗಳಿಗೂ ಹೋಗಿಬರುತ್ತಾರೆ. ಏನೇನು ಕಂಡಿರಿ ಎಂದು ನಾವು ಕೇಳುತ್ತೇವೆ. ಕಂಡದ್ದನ್ನು ಅದರ ಪಾಡಿಗೆ ಬಿಟ್ಟು ಬಂದಿರಾ ಎಂದೂ ಕೇಳೋಣ.